ಗಾಜಿನ ಈಚೆ ಕಡೆ

2023ರ ಸೆಪ್ಟೆಂಬರ್ 16, ಶನಿವಾರ. ಬೆಳಗಿನ ಜಾವ ಐದೂಕಾಲಿಗೆ ಫೋನ್ ಬಂತು. ಗೊತ್ತಿಲ್ಲದ ನಂಬರ್. ಊರಲ್ಲಿ ಅಮ್ಮನಿಗೆ ಏನೋ ಆಗಿದೆ ಅಂದುಕೊಂಡು ಎತ್ತಿದೆ. ರೆಕಾರ್ಡ್ ಮಾಡಿಟ್ಟ ದನಿಯೊಂದು ಇಂಗ್ಲಿಷಿನಲ್ಲಿ ಮಾತಾಡಿತು. ಇದು ಕೌಂಟಿ ಜೈಲಿನಿಂದ ಬಂದ ಕರೆ, ಕರೆ ಮಾಡುತ್ತಿರುವವರ ಹೆಸರು ಇಂಥದ್ದು ಅಂತ ಹೇಳುವ ಕಡೆ ಎರಡು ಸೆಕೆಂಡಿನ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಕೈದಿ ತನ್ನ ಹೆಸರು ಹೇಳಬೇಕು. ಆ ಜಾಗದಲ್ಲಿ ನನ್ನ ತಮ್ಮನ ದನಿ ಬಂತು. ಅವನು ಹೆಸರು ಹೇಳಿರಲಿಲ್ಲ. “ಅಕ್ಕ, ನಾನು” ಅಂದಿದ್ದ.

ಕರೆ ಒಪ್ಪಿಕೊಳ್ಳಲು ಒಂದು ಒತ್ತಬೇಕಿತ್ತು. ನಿದ್ದೆಗಣ್ಣಲ್ಲಿ ಬೇರೇನೋ ಒತ್ತಿದೆ. ಕಟ್ಟಾಯಿತು. ಅದೇ ನಂಬರಿಗೆ ತಿರುಗಿ ಮಾಡಿದೆ. ಹೋಗಲಿಲ್ಲ. ಹೊರಗಿನಿಂದ ಫೋನ್ ಮಾಡಿ ಒಳಗಿರುವವರನ್ನು ಕರೆಸುವ ಹಾಗಿಲ್ಲ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಮಂಚದ ತುದಿಯಲ್ಲಿ ಕೂತು ಕಾದೆ. ನಲವತ್ತು ನಿಮಿಷ ಆದ ಮೇಲೆ ಇನ್ನೊಮ್ಮೆ ಬಂತು.

“ಅಕ್ಕ, ಆಕ್ಸಿಡೆಂಟ್ ಮಾಡ್ಬಿಟ್ಟೆ. ಕುಡಿದಿದ್ದೆ. ಒಬ್ರಿಗೆ ಕಾಲು ಮುರಿದಿದೆ. ಅಮ್ಮಂಗೆ ಹೇಳ್ಬೇಡ.”

ನಾನು ಏನು ಹೇಳಿದೆ ಅಂತ ನನಗೆ ನೆನಪಿಲ್ಲ. “ಸ್ವೆಟರ್ ಇದೆಯಾ” ಅಂತ ಕೇಳಿದೆಯಂತೆ. ಅವನು ಆಮೇಲೆ ಹೇಳಿದ.

ನಾನು ಟೆಕ್ಸಾಸಿಗೆ ಬಂದು ಆಗ ಹನ್ನೊಂದು ವರ್ಷವಾಗಿತ್ತು. ಗಂಡ, ಒಂಬತ್ತು ವರ್ಷದ ಮಗಳು. ತಮ್ಮ 2018ರಲ್ಲಿ ಎಂ.ಎಸ್. ಓದಲು ಬಂದ, ಇಲ್ಲೇ ಕೆಲಸ ಹಿಡಿದ. ನಮ್ಮ ಮನೆಯಿಂದ ಒಂದು ಗಂಟೆ ದಾರಿಯಲ್ಲಿ ಇದ್ದ. ನಮ್ಮದು ತಿಪಟೂರು ಕಡೆ. ಅಪ್ಪ ಇಲ್ಲ. ಊರಲ್ಲಿ ಅಮ್ಮ ಒಬ್ಬಳೇ, ಒಂದು ತೆಂಗಿನ ತೋಟ ನೋಡಿಕೊಂಡು ಇದ್ದಾಳೆ.

ಅವನು ಸಿಕ್ಕಿಬಿದ್ದ ಎರಡು ದಿನಕ್ಕೆ ಗೌರಿ ಹಬ್ಬ. ಪ್ರತಿ ವರ್ಷ ಆ ದಿನ ತವರಿನ ಲೆಕ್ಕದಲ್ಲಿ ಅವನೇ ನಮ್ಮನೆಗೆ ಬರುತ್ತಿದ್ದ. ಒಂದು ಡಜನ್ ಬಾಳೆಹಣ್ಣು, ಕವರಿನಲ್ಲಿ 101 ಡಾಲರ್. ಆ ವರ್ಷದ ಗೌರಿ ಹಬ್ಬದ ದಿನ ನಾನು ಜೈಲಿನ ಹೊರಕೋಣೆಯಲ್ಲಿ ಒಂದು ಯಂತ್ರದ ಮುಂದೆ ನಿಂತು ಅವನ ಖಾತೆಗೆ ದುಡ್ಡು ಹಾಕಿದೆ. ಯಂತ್ರ ಇಪ್ಪತ್ತರ ನೋಟನ್ನು ಮೂರು ಸಲ ಉಗುಳಿತು. ನಾಲ್ಕನೇ ಸಲ ನುಂಗಿತು.

ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿನ ಜೈಲು ಶೆರಿಫ್ ಕೈಯಲ್ಲಿರುತ್ತದೆ. ಶೆರಿಫ್ ಓಟಿನಿಂದ ಗೆದ್ದು ಬರುವವರು. ದೊಡ್ಡ ಶಿಕ್ಷೆ ಆದವರು ರಾಜ್ಯದ ಸೆರೆಮನೆಗೆ ಹೋಗುತ್ತಾರೆ. ಕೌಂಟಿ ಜೈಲಿನಲ್ಲಿ ಇರುವವರಲ್ಲಿ ಹೆಚ್ಚಿನವರು ಇನ್ನೂ ತೀರ್ಪಾಗದವರು, ಉಳಿದವರು ಸಣ್ಣ ಶಿಕ್ಷೆಯವರು. ಒಳಗೆ ಯಾರಿದ್ದಾರೆ ಅನ್ನುವ ಪಟ್ಟಿ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಹೆಸರು, ಆರೋಪ, ಜಾಮೀನಿನ ಮೊತ್ತ, ಜೊತೆಗೆ ಫೋಟೊ. ಅವನ ಫೋಟೊ ನೋಡಿದೆ. ಹಣೆಯ ಮೇಲೆ ತರಚಿದ ಗಾಯ. ಮಗಳು ಪಕ್ಕಕ್ಕೆ ಬಂದಳು. ಲ್ಯಾಪ್‌ಟಾಪ್ ಮುಚ್ಚಿದೆ.

ಕುಡಿದು ಗಾಡಿ ಓಡಿಸಿ ಇನ್ನೊಬ್ಬರಿಗೆ ಗಂಭೀರ ಗಾಯ ಮಾಡಿದ ಆರೋಪ. ಟೆಕ್ಸಾಸಿನಲ್ಲಿ ಅದಕ್ಕೆ 2ರಿಂದ 10 ವರ್ಷ ಶಿಕ್ಷೆ ಇದೆ. ಜಾಮೀನು 40,000 ಡಾಲರ್. ಅಷ್ಟು ಇಡಲಾಗದವರಿಗೆ ಜಾಮೀನು ಏಜೆಂಟರು ಇರುತ್ತಾರೆ. ನೂರಕ್ಕೆ ಹತ್ತರಷ್ಟು ನಾವು ಅವರಿಗೆ ಕೊಡಬೇಕು, ಅದು ವಾಪಸ್ ಬರುವುದಿಲ್ಲ. ಜೈಲಿನ ಎದುರಿನ ರಸ್ತೆಯಲ್ಲಿ ಅಂಥ ಅಂಗಡಿಗಳು ಸಾಲಾಗಿವೆ. ಒಂದಕ್ಕೆ ಹೋಗಿ 4,000 ಡಾಲರಿನ ಚೆಕ್ ಮೇಜಿನ ಮೇಲಿಟ್ಟೆ. ಅಲ್ಲಿದ್ದ ದಪ್ಪ ಮನುಷ್ಯ ಕಂಪ್ಯೂಟರ್ ನೋಡಿ ಚೆಕ್ಕನ್ನು ನನ್ನ ಕಡೆಗೇ ತಳ್ಳಿದ. “ಇವನ ಮೇಲೆ ಇಮಿಗ್ರೇಷನ್ ಹೋಲ್ಡ್ ಇದೆ. ಜಾಮೀನು ಕಟ್ಟಿದರೆ ಇವನು ಮನೆಗೆ ಬರುವುದಿಲ್ಲ. ಅವರು ಬಂದು ಕರೆದುಕೊಂಡು ಹೋಗುತ್ತಾರೆ. ಮೊದಲು ವಕೀಲರನ್ನು ನೋಡಿ” ಅಂದ. ಅವನು ದುಡ್ಡು ತೆಗೆದುಕೊಂಡಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಹೋಲ್ಡ್ ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ಅವನ ಬಳಿ ಎಚ್-1ಬಿ ವೀಸಾ ಇದೆಯಲ್ಲ ಅಂದೆ. ವಕೀಲರು ಎರಡು ದಿನ ಬಿಟ್ಟು ಹೇಳಿದರು. ಮೇ ತಿಂಗಳಲ್ಲೇ ಅವನ ಕೆಲಸ ಹೋಗಿತ್ತು. ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು 60 ದಿನ. ಜುಲೈಗೆ ಅದೂ ಮುಗಿದಿತ್ತು. ಆಗಸ್ಟಿನಲ್ಲಿ ಮಗಳ ಹುಟ್ಟುಹಬ್ಬಕ್ಕೆ ಬಂದವನು ಆಫೀಸಿನ ಕಥೆ ಹೇಳಿ ನಗಿಸಿದ್ದ. ಆ ಕಥೆಗಳನ್ನು ಎಲ್ಲಿಂದ ತಂದನೋ.

ವಕೀಲರ ಸಲಹೆ ಇಷ್ಟೇ. ಈಗ ಜಾಮೀನು ಕಟ್ಟಬೇಡಿ. ಇಮಿಗ್ರೇಷನ್‌ನವರ ಕೈಗೆ ಹೋದರೆ ಅವನನ್ನು ಎಲ್ಲಿಡುತ್ತಾರೋ ಗೊತ್ತಿಲ್ಲ, ಇಲ್ಲಿಯ ಕೇಸು ಹಾಗೇ ಉಳಿಯುತ್ತದೆ. ಕೇಸು ಮುಗಿಯುವವರೆಗೆ ಕೌಂಟಿ ಜೈಲಿನಲ್ಲೇ ಇರಲಿ. ಹಾಗಾಗಿ ದುಡ್ಡು ಕೈಯಲ್ಲಿದ್ದರೂ ನಾವು ಅವನನ್ನು ಬಿಡಿಸಲಿಲ್ಲ. ಅದನ್ನು ಅವನಿಗೆ ಫೋನಿನಲ್ಲಿ ಹೇಳಿದವಳು ನಾನು. “ಸರಿ ಅಕ್ಕ” ಅಂದ.

ವಕೀಲರು ಇನ್ನೊಂದು ಮಾತು ಹೇಳಿದರು. ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ. ಆ ರಾತ್ರಿಯ ಬಗ್ಗೆ ಒಂದು ಪದವೂ ಮಾತಾಡಕೂಡದು. “ನಾವು ಕನ್ನಡದಲ್ಲಿ ಮಾತಾಡುತ್ತೇವೆ” ಅಂದೆ. “ಸರ್ಕಾರದ ಕಡೆಯವರಿಗೆ ಅನುವಾದಕರು ಸಿಗುತ್ತಾರೆ” ಅಂದರು. ಮೊದಲ ಕರೆಯಲ್ಲೇ ಅವನು ಎಲ್ಲ ಹೇಳಿಬಿಟ್ಟಿದ್ದನ್ನು ತಿಳಿಸಿದೆ. ಅವರು ಪೆನ್ನು ಕೆಳಗಿಟ್ಟು ಕಿಟಕಿ ನೋಡಿದರು.

ಬೇರೆ ದೇಶದವರನ್ನು ಹಿಡಿದಾಗ ಅವರ ದೇಶದ ಕಾನ್ಸುಲೇಟಿಗೆ ತಿಳಿಸಬೇಕೇ ಅಂತ ಕೇಳಬೇಕೆಂದು 1963ರ ವಿಯೆನ್ನಾ ಒಪ್ಪಂದದಲ್ಲಿದೆಯಂತೆ. ಅವನನ್ನೂ ಕೇಳಿದ್ದರು. ಬೇಡ ಅಂತ ಸಹಿ ಹಾಕಿದ್ದ. ಊರಿಗೆ ಗೊತ್ತಾಗುತ್ತದೆ ಅನ್ನುವ ಹೆದರಿಕೆ.

ಮೊದಲ ಭೇಟಿ ಹತ್ತನೇ ದಿನ. ಟೆಕ್ಸಾಸಿನಲ್ಲಿ 2015ರ ಕಾನೂನಿನ ಪ್ರಕಾರ ಕೌಂಟಿ ಜೈಲಿನಲ್ಲಿರುವವರಿಗೆ ವಾರಕ್ಕೆ ಎರಡು ಭೇಟಿ, ಒಂದೊಂದಕ್ಕೆ ಕಡಿಮೆಯೆಂದರೆ ಇಪ್ಪತ್ತು ನಿಮಿಷ. ಆಗಲೇ ವಿಡಿಯೊ ವ್ಯವಸ್ಥೆ ಮಾಡಿಕೊಂಡಿದ್ದ ಕೆಲವು ಕೌಂಟಿಗಳಿಗೆ ವಿನಾಯಿತಿ ಉಂಟು. ನಮ್ಮ ಅದೃಷ್ಟಕ್ಕೆ ಈ ಕೌಂಟಿ ಅದರಲ್ಲಿರಲಿಲ್ಲ. ನಡುವೆ ಗಾಜು, ಎರಡೂ ಕಡೆ ತಂತಿಯ ಫೋನು.

ಲೋಹ ಹುಡುಕುವ ಬಾಗಿಲಲ್ಲಿ ಸದ್ದಾಯಿತು. ಬಳೆ ತೆಗೆದಿಟ್ಟೆ. ಮತ್ತೆ ಸದ್ದು. ಓಲೆ, ಸರ ತೆಗೆದೆ. ಮತ್ತೆ ಸದ್ದು. ಕಾಲುಂಗುರ. ಮದುವೆಯಾದ ಮೇಲೆ ತೆಗೆದಿರಲಿಲ್ಲ, ಬೆರಳಿಗೆ ಕಚ್ಚಿಕೊಂಡಿತ್ತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬ ವಯಸ್ಸಾದ ಕಪ್ಪು ಹೆಂಗಸು ಚೀಲದಿಂದ ಕೈಗೆ ಹಚ್ಚುವ ಲೋಷನ್ ತೆಗೆದುಕೊಟ್ಟರು. ನೆಲದ ಮೇಲೆ ಕೂತು ತೆಗೆದೆ. ಅವರು ಮೊಮ್ಮಗನನ್ನು ನೋಡಲು ಎರಡು ವರ್ಷದಿಂದ ಬರುತ್ತಿದ್ದರು. ಯಾವ ಕೌಂಟರಿಗೆ ಹೋಗಬೇಕು, ಲಾಕರಿಗೆ ಚಿಲ್ಲರೆ ಬೇಕು, ತೋಳಿಲ್ಲದ ಬಟ್ಟೆ ಹಾಕಿದರೆ ವಾಪಸ್ ಕಳಿಸುತ್ತಾರೆ, ಹೆಸರು ಹೇಳಿದರೆ ಸಾಲದು, ಬುಕಿಂಗ್ ನಂಬರ್ ಬಾಯಿಗೆ ಬರಬೇಕು. ಎಲ್ಲ ಹೇಳಿಕೊಟ್ಟವರು ಅವರೇ. ಆ ನಂಬರ್ ನನಗೆ ಈಗಲೂ ಬಾಯಿಗೆ ಬರುತ್ತದೆ.

ತಮ್ಮ ಕಿತ್ತಳೆ ಬಣ್ಣದ ಬಟ್ಟೆಯಲ್ಲಿ ಬಂದು ಕೂತ. ಫೋನ್ ಎತ್ತಿದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಮೂರು ನಿಮಿಷ ಹಾಗೆ ಹೋಯಿತು.

“ಊಟ?” ಅಂದೆ.

“ಪರವಾಗಿಲ್ಲ.”

ಅದು ಸುಳ್ಳು. ನಾವು ಮಾಂಸ ತಿನ್ನುವವರಲ್ಲ. ಸಸ್ಯಾಹಾರ ಬೇಕೆಂದರೆ ಜೈಲಿನ ಪಾದ್ರಿಗೆ ಅರ್ಜಿ ಬರೆದು ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಅಲ್ಲಿಯವರೆಗೆ ಮಾಂಸದ ತುಂಡು ಇನ್ನೊಬ್ಬರಿಗೆ ಕೊಟ್ಟು ಅವರ ಬ್ರೆಡ್ಡು ತೆಗೆದುಕೊಳ್ಳುತ್ತಿದ್ದ. ಒಳಗಿನ ಅಂಗಡಿಗೆ ಕಮಿಸರಿ ಅನ್ನುತ್ತಾರೆ. ವಾರಕ್ಕೊಮ್ಮೆ ಅಲ್ಲಿಂದ ನೂಡಲ್ಸ್, ಕಡಲೆಬೀಜದ ಬೆಣ್ಣೆ, ಕಾಫಿಪುಡಿ ತರಿಸಿಕೊಳ್ಳಬಹುದು. ಒಳಗೆ ನೂಡಲ್ಸ್ ಪೊಟ್ಟಣವೇ ನೋಟು. ಬಟ್ಟೆ ಒಗೆಸಲು ಒಂದು, ಕೂದಲು ಕತ್ತರಿಸಲು ಎರಡು. ಒಳಗೆ ಸದಾ ಚಳಿ. ಮೊದಲ ತಿಂಗಳ ದುಡ್ಡಿನಲ್ಲಿ ಅವನು ಕೊಂಡದ್ದು ದಪ್ಪನೆಯ ಒಳಅಂಗಿ.

ಫೋನಿಗೆ ಬೇರೆ ಖಾತೆ. ಆಗ ನಿಮಿಷಕ್ಕೆ 21 ಸೆಂಟ್ ಇತ್ತು. ಒಂದು ಕರೆಗೆ ಹದಿನೈದು ನಿಮಿಷ, ಆಮೇಲೆ ತಾನಾಗಿ ಕಟ್ಟಾಗುತ್ತದೆ. ಹದಿನಾಲ್ಕನೇ ನಿಮಿಷಕ್ಕೆ ಆ ರೆಕಾರ್ಡ್ ಮಾಡಿದ ದನಿ ಎಚ್ಚರಿಸುತ್ತದೆ. ಖಾತೆಗೆ ಪ್ರತಿ ಸಲ ದುಡ್ಡು ತುಂಬಲು 3 ಡಾಲರ್ ಶುಲ್ಕ ಬೇರೆ ಇತ್ತು. ದಿನಕ್ಕೊಂದು ಕರೆ ಅಂದರೆ ತಿಂಗಳಿಗೆ ನೂರು ಡಾಲರ್ ಹತ್ತಿರ. ನಮಗೆ ಅದು ಕಷ್ಟವಾಗಲಿಲ್ಲ. ಲೋಷನ್ ಕೊಟ್ಟ ಅಜ್ಜಿ ಮೊಮ್ಮಗನ ಫೋನನ್ನು ವಾರಕ್ಕೊಂದು ಸಲ ಮಾತ್ರ ಎತ್ತುತ್ತಿದ್ದರು.

ಈ ದರದ ಬಗ್ಗೆ ಓದುತ್ತಾ ಮಾರ್ಥಾ ರೈಟ್ ಎಂಬುವರ ವಿಷಯ ಸಿಕ್ಕಿತು. ವಾಷಿಂಗ್ಟನ್ ಡಿ.ಸಿ.ಯ ಅಜ್ಜಿ, ನರ್ಸ್ ಆಗಿದ್ದವರು. ಮೊಮ್ಮಗ ಜೈಲಿನಲ್ಲಿದ್ದ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಕಾಗದ ಓದಲಾಗದು. ಫೋನೇ ಗತಿ. ಬಿಲ್ಲು ಕಟ್ಟಲಾಗದೆ 2000ನೇ ಇಸವಿಯಲ್ಲಿ ಕೋರ್ಟಿಗೆ ಹೋದರು. 2015ರಲ್ಲಿ ತೀರಿಕೊಂಡರು. ಜೈಲಿನ ಎಲ್ಲ ಕರೆಗಳ ದರಕ್ಕೂ ಮಿತಿ ಹಾಕುವ ಅಧಿಕಾರ ಕೊಟ್ಟ ಕಾನೂನಿಗೆ ಅವರ ಹೆಸರೇ ಇದೆ. ಅದಕ್ಕೆ ಅಧ್ಯಕ್ಷರ ಸಹಿ ಬಿದ್ದದ್ದು 2023ರ ಜನವರಿಯಲ್ಲಿ, ತಮ್ಮ ಒಳಗೆ ಹೋಗುವ ಎಂಟು ತಿಂಗಳು ಮುಂಚೆ. ಕಾನೂನು ಬಂದರೂ ದರ ಇಳಿದಿರಲಿಲ್ಲ. ಹೊಸ ಮಿತಿಯ ಆದೇಶ ಹೊರಬಿದ್ದಿದ್ದು 2024ರ ಜುಲೈನಲ್ಲಿ. ಅಷ್ಟರಲ್ಲಿ ನಮ್ಮ ಪಾಲಿನದು ಮುಗಿದಿತ್ತು.

ಹದಿನೈದು ನಿಮಿಷ ಏನು ಮಾತಾಡುವುದು? ಆ ರಾತ್ರಿಯ ಮಾತು ಇಲ್ಲ. ವೀಸಾ ಮಾತು ಇಲ್ಲ. ಅಮ್ಮನ ಮಾತು ತೆಗೆದರೆ ಅವನ ದನಿ ಕಟ್ಟುತ್ತಿತ್ತು. ಅಕ್ಟೋಬರ್ 5ಕ್ಕೆ ವಿಶ್ವಕಪ್ ಶುರುವಾಯಿತು. ಅವನ ಬ್ಯಾರಕ್ಕಿನ ಟಿ.ವಿ.ಯಲ್ಲಿ ಕ್ರಿಕೆಟ್ ಬರುವುದಿಲ್ಲ. “ಅಕ್ಕ, ಸ್ಕೋರ್ ಹೇಳ್ತೀಯಾ?” ಅಂದ. ನನಗೆ ಕ್ರಿಕೆಟ್ ಗೊತ್ತಿಲ್ಲ. ಚಿಕ್ಕವರಿದ್ದಾಗ ಟಿ.ವಿ.ಗಾಗಿ ಜಗಳವಾಡಿದವಳು ನಾನು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಓದತೊಡಗಿದೆ. ಮೊದಲ ದಿನ ಬರೀ ಅಂಕಿ ಓದಿದೆ. “ಹಂಗಲ್ಲ ಅಕ್ಕ, ಯಾರು ಯಾವಾಗ ಔಟಾದ್ರು ಹೇಳು” ಅಂದ. ಚೆನ್ನೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಎರಡು ರನ್ನಿಗೆ ಮೂರು ವಿಕೆಟ್ ಹೋದದ್ದು, ಕೊಹ್ಲಿ 85, ನಮ್ಮ ರಾಹುಲ್ 97 ಹೊಡೆದು ಔಟಾಗದೆ ಉಳಿದದ್ದು, ಕೊನೆಗೆ ಸಿಕ್ಸ್ ಹೊಡೆದು ಗೆಲ್ಲಿಸಿದ್ದು, ಇಷ್ಟನ್ನು ಹೇಳಲು ಹದಿನೈದು ನಿಮಿಷವೂ ಬೇಕಾಯಿತು. ಅವನು ನಡುವೆ ನಡುವೆ “ಹ್ಞೂಂ, ಆಮೇಲೆ?” ಅನ್ನುತ್ತಿದ್ದ. ಹಿಂದೆ ಯಾರೋ ಕೂಗುವುದು, ಕಬ್ಬಿಣದ ಬಾಗಿಲು ಬಡಿಯುವುದು ಕೇಳುತ್ತಿತ್ತು. ನಾನು ಬೆಳಿಗ್ಗೆ ಬೇಗ ಎದ್ದು ಮ್ಯಾಚ್ ನೋಡತೊಡಗಿದೆ.

ಅಮ್ಮನಿಗೆ ನಾನು ಹೇಳಿರಲಿಲ್ಲ. ಹೊಸ ಪ್ರಾಜೆಕ್ಟು, ಫೋನ್ ಒಳಗೆ ಬಿಡುವುದಿಲ್ಲ ಅಂದಿದ್ದೆ. ಅಮ್ಮ ವಾಟ್ಸಾಪಿನಲ್ಲಿ ಅವನು ಕೊನೆಗೆ ಕಂಡ ದಿನ ನೋಡುತ್ತಿದ್ದಳು. “ಹದಿನಾರನೇ ತಾರೀಕಿಂದ ಒಂದೇ ಟೈಮ್ ತೋರಿಸ್ತಾ ಇದೆ ಕಣೇ” ಅಂದಳು. ಅದು ನಮ್ಮೂರಿನ ಗಡಿಯಾರದ ಹದಿನಾರು. ಅವನ ಫೋನ್ ಪೊಲೀಸರ ಚೀಲದಲ್ಲಿ ಚಾರ್ಜು ಮುಗಿದು ಬಿದ್ದಿತ್ತು.

ಊರಿಗೆ ಸುದ್ದಿ ಮುಟ್ಟಲು ಹನ್ನೊಂದು ದಿನ ಸಾಕಾಯಿತು. ಯಾರೋ ಜೈಲಿನ ಪಟ್ಟಿಯ ಆ ಫೋಟೊ ಹಂಚಿದ್ದರು. ಒಂದು ಗೃಹಪ್ರವೇಶದ ಊಟದಲ್ಲಿ ನೆಂಟರೊಬ್ಬರು ಅಮ್ಮನಿಗೆ ಮೊಬೈಲು ಹಿಡಿದು ತೋರಿಸಿ “ಇದು ನಿಮ್ಮ ಹುಡುಗನೇನಾ ನೋಡಿ” ಅಂದರಂತೆ. ಅಮ್ಮ ಎದ್ದು ಕೈ ತೊಳೆದುಕೊಂಡು ಬಸ್ಸು ಹತ್ತಿ ಮನೆಗೆ ಬಂದಳು. ನನಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದಳು. “ಏಟು ಬಿದ್ದಿದ್ದು ಯಾರಿಗೆ? ಅವರು ಬದುಕಿದಾರಾ?” ಬದುಕಿದ್ದಾರೆ ಅಂದೆ. “ನೀನ್ಯಾಕೆ ಸುಳ್ಳು ಹೇಳ್ದೆ” ಅಂತ ಇವತ್ತಿನವರೆಗೂ ಕೇಳಿಲ್ಲ.

ಅವನ ದನಿ ಕೇಳಬೇಕು ಅಂತ ಮಾತ್ರ ಪ್ರತಿ ದಿನ ಅಂದಳು. ಮೂರು ಜನ ಸೇರಿ ಮಾತಾಡುವುದು ಜೈಲಿನ ನಿಯಮಕ್ಕೆ ವಿರುದ್ಧ. ಒಂದೂವರೆ ತಿಂಗಳು ನಾನು ಒಪ್ಪಲಿಲ್ಲ. ನವೆಂಬರ್ 12, ದೀಪಾವಳಿ. ಅವತ್ತೇ ಬೆಂಗಳೂರಿನಲ್ಲಿ ನೆದರ್ಲೆಂಡ್ಸ್ ಜೊತೆ ಮ್ಯಾಚು. ಇಲ್ಲಿ ಬೆಳಿಗ್ಗೆ ಹತ್ತೂವರೆ, ಅಲ್ಲಿ ರಾತ್ರಿ ಹತ್ತು. ಅವನ ಕರೆ ಬಂದಾಗ ಇನ್ನೊಂದು ಫೋನಿನಲ್ಲಿ ಅಮ್ಮನನ್ನು ಹಿಡಿದು ಎರಡನ್ನೂ ಅಡಿಗೆಮನೆಯ ಕಟ್ಟೆಯ ಮೇಲೆ ಒಂದರ ಪಕ್ಕ ಒಂದು ಇಟ್ಟೆ. ಅಮ್ಮ, “ಮಗಾ, ಎಣ್ಣೆನೀರು ಹಾಕ್ಕೊಂಡ್ಯಾ?” ಅಂದಳು. ಅವನು “ಹ್ಞೂಂ ಅಮ್ಮ” ಅಂದ. “ರಾಹುಲ್ ಸೆಂಚುರಿ ಹೊಡ್ದ ಕಣೋ, ಚಿನ್ನಸ್ವಾಮೀಲಿ” ಅಂದಳು. ಅವಳಿಗೆ ಅದು ಹೇಗೆ ಗೊತ್ತಾಯಿತೋ. ನಾಲ್ಕನೇ ನಿಮಿಷಕ್ಕೆ ಕರೆ ಕಟ್ಟಾಯಿತು.

ಅವನಿಗೆ ಹತ್ತು ದಿನ ಫೋನ್ ಬಂದ್ ಮಾಡಿದರು. ನಿಯಮ ಮುರಿದವಳು ನಾನು, ಶಿಕ್ಷೆ ಅವನಿಗೆ. ವಕೀಲರು ಫೋನ್ ಮಾಡಿ ಬೈದರು. ಬೈಸಿಕೊಂಡೆ.

ಫೈನಲ್ ಆ ಹತ್ತು ದಿನದ ಒಳಗೇ ಬಂತು. ಭೇಟಿ ನಿಂತಿರಲಿಲ್ಲ. 21ನೇ ತಾರೀಕು ಮಂಗಳವಾರ ಹೋದೆ. ಗಾಜಿನಾಚೆ ಕೂರುವ ಮುಂಚೆಯೇ ಹುಬ್ಬು ಹಾರಿಸಿ ಕೇಳಿದ. ತಲೆ ಅಡ್ಡ ಆಡಿಸಿದೆ. ಫೋನ್ ಎತ್ತಿ “ಎಷ್ಟು?” ಅಂದ. “ಆರು ವಿಕೆಟ್ಟಲ್ಲಿ ಸೋತ್ವಿ.” “ರಾಹುಲ್?” “66. ಆದ್ರೆ 107 ಬಾಲ್ ಆಡ್ದ.” ಆಗ ಅತ್ತ. ಒಳಗೆ ಹೋಗಿ 66 ದಿನವಾಗಿತ್ತು, ಅವನು ಅತ್ತದ್ದು ನಾನು ನೋಡಿದ್ದು ಅದೇ ಮೊದಲು. ಹಿಂದೆ ನಿಂತಿದ್ದ ಅಧಿಕಾರಿ ಏನೋ ಕೆಟ್ಟ ಸುದ್ದಿ ಅಂದುಕೊಂಡು, ಸಮಯ ಮುಗಿದರೂ ಎರಡು ನಿಮಿಷ ಸುಮ್ಮನಿದ್ದರು.

ವಿಶ್ವಕಪ್ ಮುಗಿದ ಮೇಲೆ ಮಾತಿಗೆ ಬರ ಬಂತು. ಡಿಸೆಂಬರಿನಲ್ಲಿ ಕೇಸು ಮೂರನೇ ಸಲ ಮುಂದಕ್ಕೆ ಹೋಯಿತು. ವಕೀಲರ ಫೀಸಿಗೆ ಮನೆಯ ಉಳಿತಾಯ ತೆಗೆದಿದ್ದೆವು. ನನ್ನ ಗಂಡ ಒಂದು ದಿನವೂ ಏನೂ ಅಂದಿರಲಿಲ್ಲ. ಅವತ್ತು ಅಂದರು. “ಅವನು ಮಾಡಿದ್ದಕ್ಕೆ ನಾವೆಷ್ಟು ದಿನ?” ನಾನು ಜಗಳವಾಡಿದೆ. ಸಂಜೆ ಫೋನ್ ರಿಂಗಾಯಿತು. ಅದೇ ನಂಬರ್. ನೋಡುತ್ತಾ ಕೂತೆ. ಎತ್ತಲಿಲ್ಲ. ಪಾತ್ರೆ ತೊಳೆಯುತ್ತಿದ್ದೆ ಅಂತ ಯಾರಿಗಾದರೂ ಹೇಳಬಹುದು. ತೊಳೆಯುತ್ತಿರಲಿಲ್ಲ. ಸಿಟ್ಟು ಬಂದಿತ್ತು. ಆ ಸಿಟ್ಟು ಗಂಡನ ಮೇಲಲ್ಲ, ತಮ್ಮನ ಮೇಲೆ.

ಮರುದಿನ ಮಾಡಿದಾಗ “ಕೆಲಸ ಇತ್ತಾ ಅಕ್ಕ?” ಅಂದ. ಇತ್ತು ಅಂದೆ. ಹಿಂದಿನ ದಿನ ಫೋನಿನ ಸಾಲು ಉದ್ದ ಇತ್ತಂತೆ. ಎರಡು ನೂಡಲ್ಸ್ ಪೊಟ್ಟಣ ಕೊಟ್ಟು ಒಬ್ಬನ ಸರದಿ ಕೊಂಡಿದ್ದನಂತೆ. ಇದನ್ನು ಅವನು ಹೇಳಿದ್ದು ಒಂದು ವರ್ಷದ ಮೇಲೆ, ನಗುತ್ತಾ. ನಾನು ಬೇಕೆಂದೇ ಎತ್ತಲಿಲ್ಲ ಅನ್ನುವುದನ್ನು ಅವನಿಗೆ ಈವರೆಗೆ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಫೋನು ಕಟ್ಟಾದ ದೀಪಾವಳಿಯ ಮಾರನೇ ದಿನವೇ ಅಮ್ಮ ಕಾಗದ ಬರೆಯಲು ಕೂತಿದ್ದಳಂತೆ. ನನಗೆ ಹೇಳಲಿಲ್ಲ. ಪಕ್ಕದ ಮನೆ ಹುಡುಗನ ಕೈಲಿ ಜೈಲಿನ ವಿಳಾಸ ಹುಡುಕಿಸಿ ಅಂಚೆಗೆ ಹಾಕಿದ್ದಳು. ಕಾಗದಕ್ಕೂ ಜೈಲಿನಲ್ಲಿ ನಿಯಮಗಳಿವೆ. ಬಿಳಿ ಹಾಳೆ, ಮಾಮೂಲಿ ಪೆನ್ನು. ಅಂಟು, ಸ್ಟಿಕರ್, ಸೆಂಟು ಇರಕೂಡದು. ಪುಸ್ತಕವಾದರೆ ರಟ್ಟಿಲ್ಲದ ಹೊಸ ಪುಸ್ತಕ, ಅಂಗಡಿಯಿಂದಲೇ ನೇರ ಹೋಗಬೇಕು. ಅದರಿಂದಾಗಿ ಒಂದು ಕನ್ನಡ ಪುಸ್ತಕವನ್ನೂ ಕಳಿಸಲು ನನ್ನಿಂದ ಆಗಲಿಲ್ಲ.

ಡಿಸೆಂಬರ್ 19ಕ್ಕೆ ಭೇಟಿಗೆ ಹೋದಾಗ ಕೌಂಟರಿನಲ್ಲಿದ್ದ ಅಧಿಕಾರಿ ನನ್ನ ಗುರುತಿನ ಚೀಟಿ ನೋಡಿ, “ಇಂಡಿಯಾದಿಂದ ಒಂದು ಕವರ್ ಬಂದಿದೆ. ಅದರೊಳಗೆ ಕೆಂಪು ಪುಡಿ ಇದೆ. ಏನದು?” ಅಂತ ಕೇಳಿದರು. ನನಗೆ ತಕ್ಷಣ ಗೊತ್ತಾಯಿತು. ದೇವಸ್ಥಾನದ ಕುಂಕುಮ. ಅಮ್ಮ ಯಾರಿಗೆ ಕಾಗದ ಬರೆದರೂ ಹಾಳೆಯ ಮಡಿಕೆಯಲ್ಲಿ ಒಂದು ಚಿಟಿಕೆ ಇಡುತ್ತಾಳೆ. ಹಣೆಗೆ ಹಚ್ಚುವುದು, ಅರಿಶಿನದಿಂದ ಮಾಡುವುದು ಅಂದೆ. ನನ್ನ ಹಣೆಯಲ್ಲಿ ಸ್ಟಿಕರ್ ಇತ್ತು. ಅದನ್ನು ತೋರಿಸಿ ಇದರ ಹಾಗೆ ಅಂದೆ. ಕೈ ನಡುಗುತ್ತಿತ್ತು. ಜೈಲಿನ ಅಂಚೆಯಲ್ಲಿ ಪುಡಿ ಬಂತೆಂದರೆ ಅದು ಮಾದಕವಸ್ತುವೇ ಎಂದು ನೋಡುತ್ತಾರೆ. ಅವನ ಮೇಲೆ ಇನ್ನೊಂದು ಕೇಸು ಬಿದ್ದರೆ?

ಆ ಅಧಿಕಾರಿ ಒಳಗೆ ಹೋಗಿ ಯಾರೊಡನೆಯೋ ಮಾತಾಡಿ ಬಂದರು. “ಪರೀಕ್ಷೆ ಆಗಿದೆ. ಅದು ಏನೂ ಅಲ್ಲ. ಆದರೆ ಒಳಗೆ ಬಿಡುವ ಹಾಗಿಲ್ಲ. ಕಾಗದಕ್ಕೂ ಪುಡಿ ತಗುಲಿದೆ, ಅದನ್ನೂ ಬಿಡುವ ಹಾಗಿಲ್ಲ. ನಾಶ ಮಾಡುತ್ತಾರೆ” ಅಂದರು. ನನಗೆ ಕೊಡುತ್ತೀರಾ ಅಂದೆ. ಇಲ್ಲ ಅಂದರು. ಒಂದು ಫೋಟೊ ತೆಗೆದುಕೊಳ್ಳಲೇ ಅಂದೆ. ಅದಕ್ಕೂ ಇಲ್ಲ. ಸ್ವಲ್ಪ ಸುಮ್ಮನಿದ್ದು, “ಎಷ್ಟು ಹಾಳೆ ಅಂತ ಹೇಳಬಲ್ಲೆ. ನಾಲ್ಕು. ಎರಡೂ ಕಡೆ ತುಂಬ ಬರೆದಿದ್ದಾರೆ” ಅಂದರು.

ಅವತ್ತು ಗಾಜಿನಾಚೆ ತಮ್ಮ ಬಂದು ಕೂತಾಗ ಅವನಿಗೆ ಆಗಲೇ ಗೊತ್ತಿತ್ತು. ಅದೇ ಅಧಿಕಾರಿ ಹೋಗಿ ಹೇಳಿದ್ದರು. “ನಾಲ್ಕು ಹಾಳೆಯಂತೆ ಅಕ್ಕ” ಅಂದ.

ಜನವರಿಯಲ್ಲಿ ಕೇಸು ಇತ್ಯರ್ಥವಾಯಿತು. ಆರೋಪವನ್ನು ಒಂದು ಹಂತ ಇಳಿಸಿದರು. ಅವನು ತಪ್ಪು ಒಪ್ಪಿಕೊಂಡ. ಒಳಗಿದ್ದ ದಿನಗಳೇ ಶಿಕ್ಷೆ. ಆ ದಿನ ಕೋರ್ಟಿಗೆ ಏಟು ತಿಂದವರು ಬಂದಿದ್ದರು. ಅವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಐವತ್ತು ದಾಟಿದವರು. ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಊರುಗೋಲು ಹಿಡಿದು ನಿಂತು ನ್ಯಾಯಾಧೀಶರಿಗೆ ಹೇಳಿದರು. ನಾಲ್ಕು ತಿಂಗಳಿಂದ ಏಣಿ ಹತ್ತಿಲ್ಲ. ಇನ್ಶೂರೆನ್ಸಿನವರು ಆಸ್ಪತ್ರೆಗೆ ಕೊಟ್ಟರು, ಬಾಡಿಗೆಗೆ ಯಾರೂ ಕೊಡಲಿಲ್ಲ. ತಮ್ಮನ ಕಡೆ ತಿರುಗಿ ಏನೂ ಅನ್ನಲಿಲ್ಲ. ಅವರ ಹೆಂಡತಿ ನನ್ನ ಮುಂದಿನ ಬೆಂಚಿನಲ್ಲಿದ್ದರು. ನಾನು ನೂಡಲ್ಸಿನ ಲೆಕ್ಕ, ಸ್ಕೋರಿನ ಲೆಕ್ಕ ಹಾಕುತ್ತಿದ್ದ ಅಷ್ಟೂ ದಿನ ಆಕೆ ಬಾಡಿಗೆಯ ಲೆಕ್ಕ ಹಾಕಿದ್ದರು. ಎದ್ದು ಹೋಗುವಾಗ ದಾರಿ ಬಿಟ್ಟೆ. ಅವರು ನನ್ನನ್ನು ನೋಡಿದರು. ನಾನು ಯಾರೆಂದು ಅವರಿಗೆ ಗೊತ್ತಿರಬೇಕು. ಮಾತಾಡಿಸಬೇಡಿ ಅಂತ ವಕೀಲರು ಮೊದಲೇ ಹೇಳಿದ್ದರು. ಹೇಳದಿದ್ದರೂ ಏನು ಮಾತಾಡುತ್ತಿದ್ದೆ?

ಜನವರಿ 31ರ ಬೆಳಗಿನ ಜಾವ ಎಚ್ಚರವಾಗಿ ಜೈಲಿನ ಪಟ್ಟಿ ತೆಗೆದು ನೋಡಿದೆ. ಅದು ಅಭ್ಯಾಸವಾಗಿಬಿಟ್ಟಿತ್ತು. ಅವನ ಹೆಸರು ಇರಲಿಲ್ಲ. 137 ದಿನ ಆಗಿತ್ತು. ಇಮಿಗ್ರೇಷನ್‌ನವರ ಹುಡುಕುವ ಪುಟದಲ್ಲಿ ಅವರು ಅವನಿಗೆ ಕೊಟ್ಟಿದ್ದ ಒಂಬತ್ತು ಅಂಕಿಯ ನಂಬರ್ ಹಾಕಿದೆ. ಇಲ್ಲ ಅಂತ ಬಂತು. ಎರಡು ದಿನ ಅವನು ಯಾವ ಪಟ್ಟಿಯಲ್ಲೂ ಇರಲಿಲ್ಲ. ಮೂರನೇ ದಿನ ಒಂದು ಡಿಟೆನ್ಷನ್ ಸೆಂಟರಿನ ಹೆಸರು ಕಂಡಿತು. ಅಲ್ಲಿನ ಫೋನಿಗೆ ಬೇರೆ ಖಾತೆ, ಬೇರೆ ಶುಲ್ಕ. ಹಳೆಯ ಖಾತೆಯಲ್ಲಿ 14 ಡಾಲರ್ ಉಳಿದಿತ್ತು. ಅದು ವಾಪಸ್ ಬರಲಿಲ್ಲ.

ತಾನಾಗಿ ದೇಶ ಬಿಟ್ಟು ಹೋಗುತ್ತೇನೆ ಅಂತ ಒಪ್ಪಿ ಫೆಬ್ರವರಿ ಕೊನೆಗೆ ಹೊರಟ. ಬೆಂಗಳೂರಿನಲ್ಲಿ ಇಳಿದಾಗ ಆ ಸೆಪ್ಟೆಂಬರ್ ರಾತ್ರಿ ಹಾಕಿದ್ದ ಅರ್ಧ ತೋಳಿನ ಟೀ ಶರ್ಟೇ ಮೈಮೇಲೆ ಇತ್ತು ಅಂತ ಅಮ್ಮ ಹೇಳಿದಳು.

ಈಗ ಅವನು ತಿಪಟೂರಿನಲ್ಲೇ ಇದ್ದಾನೆ. ಕುಡಿಯುವುದಿಲ್ಲ. ಗಾಡಿ ಓಡಿಸುವುದೂ ಇಲ್ಲ, ತೋಟಕ್ಕೆ ಬಸ್ಸಿನಲ್ಲಿ ಹೋಗುತ್ತಾನೆ. ಗೌರಿ ಹಬ್ಬಕ್ಕೆ 501 ರೂಪಾಯಿ ಹಾಕಿದ.

ಮೊನ್ನೆ ಫೋನಿನಲ್ಲಿ ಕೇಳಿದೆ, ಆ ನಾಲ್ಕು ಹಾಳೆಯಲ್ಲಿ ಏನು ಬರೆದಿದ್ದೆ ಅಂತ ಅಮ್ಮನನ್ನು ಯಾವತ್ತಾದರೂ ಕೇಳಿದೆಯಾ ಅಂತ.

“ಕೇಳ್ದೆ ಅಕ್ಕ. ನೆನಪಿಲ್ಲ ಅಂದ್ಲು. ಬಾವಿಗೆ ಹೊಸ ಮೋಟ್ರು ಹಾಕಿಸಿದ್ದು ಬರ್ದಿರ್ಬೇಕು ಅಂದ್ಲು.”